ಮುಂಬಯಿಗೆ ಬಾರದ ಹಕ್ಕಿ

ಕಾರವಾರದಿಂದ ಮುಂಬಯಿಗೆ ಬಂದು ಇಲ್ಲಿಯೇ ಬದುಕು ಕಳೆದವರ ಪಟ್ಟಿ ಮಾಡಲು ಕೂತರೆ ವಿಲಿಯಂ ಎಂಬ ಹೆಸರನ್ನೂ ಅದರಲ್ಲಿ ಸೇರಿಸಬೇಕಾಗುತ್ತದೆ. ಅವನು ಹುಟ್ಟಿದ್ದು 1894ರ ಮೇ ತಿಂಗಳಲ್ಲಿ. ಮೂರು ತಿಂಗಳ ಕೂಸಾಗಿದ್ದಾಗಲೇ ಕಾರವಾರದ ಎಚ್. ಇಂಗಲ್ ಎಂಬವರು ಅವನನ್ನು ಮುಂಬಯಿಯ ಕೋಟೆ ಪ್ರದೇಶದ ಒಂದು ಕಚೇರಿಗೆ ಒಪ್ಪಿಸಿದರು. 1920ರವರೆಗೆ, ಅಂದರೆ 26 ವರ್ಷ, ಆ ಕಚೇರಿಯೇ ಅವನ ಮನೆ. ಬಾಳೆಹಣ್ಣು, ಕಾಡು ಅತ್ತಿಹಣ್ಣು ತಿನ್ನುತ್ತಿದ್ದ. ಇಲಿ, ಚೇಳು ಸಿಕ್ಕರೆ ಬಿಡುತ್ತಿರಲಿಲ್ಲ. ನೀರನ್ನಂತೂ ಮುಟ್ಟುತ್ತಿರಲಿಲ್ಲ. 30 ಅಡಿ ದೂರದಿಂದ ಟೆನಿಸ್ ಚೆಂಡು ಎಸೆದರೆ ಕೊಕ್ಕಿನಲ್ಲಿ ಹಿಡಿಯುತ್ತಿದ್ದ. ಕೊಕ್ಕು ಎಂದ ಮೇಲೆ ನಿಮಗೆ ಗೊತ್ತಾಗಿರಬೇಕು, ವಿಲಿಯಂ ಒಂದು ದೊಡ್ಡ ಮಂಗಟ್ಟೆ ಹಕ್ಕಿ, ನಾವೀಗ ಹಾರ್ನ್‌ಬಿಲ್ ಎನ್ನುತ್ತೇವಲ್ಲ, ಅದು. ಆ ಕಚೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದು. 1933ರಲ್ಲಿ ಸೊಸೈಟಿ ತನ್ನ ಸುವರ್ಣ ಮಹೋತ್ಸವ ಆಚರಿಸಿದಾಗ ವಿಲಿಯಂನ ನೆನಪಿಗೆ ಮಂಗಟ್ಟೆಯನ್ನೇ ಲಾಂಛನ ಮಾಡಿಕೊಂಡಿತು. ಲಯನ್ ಗೇಟಿನ ಎದುರು, ಶಹೀದ್ ಭಗತ್‌ಸಿಂಗ್ ರಸ್ತೆಯಲ್ಲಿರುವ ಅದರ ಈಗಿನ ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್.

ವಿಲಿಯಂನ ಕತೆ ಹೇಳುವುದು ಸುಲಭ. ಅವನು ಬಂದ, ಎಲ್ಲರ ಕಣ್ಣಿಗೆ ಬಿದ್ದ, ಹೆಸರು ಮಾಡಿದ. ಈ ಲೇಖನ ಬರೆಯಹೊರಟಿರುವುದು ಮುಂಬಯಿಗೆ ಬಾರದ ಇನ್ನೊಂದು ಹಕ್ಕಿಯ ಬಗ್ಗೆ. ಮುಂಬಯಿ ಹಾಗಿರಲಿ, ತಾನು ಹುಟ್ಟಿದ ಬೆಟ್ಟದ ತಪ್ಪಲಿಗೂ ಅದು ಇಳಿದು ಬರುವುದಿಲ್ಲ. ಆದರೆ ಅದರ ಕಾಗದಪತ್ರ ಮಾತ್ರ ಮದರಾಸು, ಕಲ್ಕತ್ತ, ಲಂಡನ್ನು, ಮುಂಬಯಿ, ಬೆಂಗಳೂರು ಎಂದು 170ಕ್ಕೂ ಹೆಚ್ಚು ವರ್ಷ ಅಲೆದಿದೆ. ಆ ಅಲೆದಾಟದಲ್ಲಿ ನಮ್ಮ ಈ ಊರಿಗೆ ಒಂದು ದೊಡ್ಡ ಪಾತ್ರವಿದೆ. ಕನ್ನಡ ನಾಡಿನ ಚರಿತ್ರೆಯ ಒಂದು ಎಳೆಯೂ ಅದರಲ್ಲಿ ಸೇರಿಕೊಂಡಿದೆ.

ಮೊದಲು ಹಕ್ಕಿಯ ಪರಿಚಯ. ಉದ್ದ ಸುಮಾರು 15 ಸೆಂಟಿಮೀಟರ್, ಗುಬ್ಬಿಯಷ್ಟೇ. ಮೈ ಮಳೆಗಾಲದ ಆಕಾಶದಂಥ ಮಾಸಲು ನೀಲಿ. ಹೊಟ್ಟೆಯ ನಡುವೆ ಬಿಳಿ. ನೀಲಗಿರಿ ಕಡೆಯ ಹಕ್ಕಿಗೆ ಪಕ್ಕೆಗಳಲ್ಲಿ ಕಂದುಗೆಂಪು ಇದೆ. ಪಳನಿ, ಆನೆಮಲೆಗಳ ಹಕ್ಕಿಗೆ ಆ ಕೆಂಪಿಲ್ಲ. ಕಾಲು ಉದ್ದ, ರೆಕ್ಕೆ ಗಿಡ್ಡ. ಮರದ ತುದಿಗೆ ಹೋಗುವ ಉಮೇದಿಲ್ಲ. ಪೊದೆಯ ಬುಡದಲ್ಲಿ, ಒದ್ದೆ ತರಗೆಲೆಯ ಮೇಲೆ ಕುಪ್ಪಳಿಸುತ್ತ ಹುಳಹುಪ್ಪಟೆ ಹೆಕ್ಕುತ್ತದೆ. ಮಣ್ಣದಿಬ್ಬದ ಪೊಟರೆಯಲ್ಲೋ ಮರದ ಬುಡದ ತೂತಿನಲ್ಲೋ ಪಾಚಿ, ಬೇರು ಸೇರಿಸಿ ಗೂಡು ಕಟ್ಟಿ ಎರಡು ಮೊಟ್ಟೆ ಇಡುತ್ತದೆ. ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಬೆಳಗಿನ ಮಂಜಿನಲ್ಲಿ ಪೊದೆಯೊಳಗಿನಿಂದ ಸಣ್ಣ, ಉದ್ದನೆಯ ಹಾಡೊಂದು ಬಂದರೆ ಅದರದಿರಬಹುದು. ಇಂಗ್ಲಿಷಿನಲ್ಲಿ ಇದನ್ನು ಕೆಲಕಾಲ ಶಾರ್ಟ್‌ವಿಂಗ್ ಎಂದರು, ಕೆಲಕಾಲ ಬ್ಲೂ ರಾಬಿನ್ ಎಂದರು. ಇಲ್ಲಿ ನಾವು ಶೋಲಾಹಕ್ಕಿ ಎಂದು ಕರೆಯೋಣ. ಯಾಕೆಂದರೆ ಅದು ಇರುವುದು ಶೋಲಾ ಕಾಡಿನಲ್ಲಿ ಮಾತ್ರ.

ಶೋಲಾ ಎಂದರೆ ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ಹುಲ್ಲುಗಾವಲಿನ ನಡುವೆ, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಬೆಳೆಯುವ ಕುಳ್ಳ ಮರಗಳ ಕಾಡು. ಕೊಡಗಿನ ಬ್ರಹ್ಮಗಿರಿಗೋ ಕುದುರೆಮುಖಕ್ಕೋ ಚಾರಣ ಹೋದವರು ನೋಡಿರುತ್ತೀರಿ: ಬೆನ್ನೆಲ್ಲ ಹುಲ್ಲು, ತೊಡೆಸಂದಿಯಲ್ಲಿ ಮಾತ್ರ ಕಪ್ಪು ಹಸಿರಿನ ಗುಂಪು. ಒಳಗೆ ಹೋದರೆ ಕೊಂಬೆಗೆಲ್ಲ ಪಾಚಿ, ಕಾಲಡಿ ನೀರು, ಮಧ್ಯಾಹ್ನವೂ ಮಬ್ಬು. ಒಂದು ಶೋಲಾದಿಂದ ಇನ್ನೊಂದಕ್ಕೆ ನಡುವೆ ಬಯಲು. ಒಂದು ಬೆಟ್ಟಸಾಲಿನಿಂದ ಇನ್ನೊಂದಕ್ಕೆ ನಡುವೆ ಬಿಸಿಲು ಕಾಯುವ ತಗ್ಗುನೆಲ. ವಿಜ್ಞಾನಿಗಳು ಈ ಬೆಟ್ಟದ ತಲೆಗಳನ್ನು ಆಕಾಶದ ದ್ವೀಪಗಳು ಎನ್ನುತ್ತಾರೆ. ಶೋಲಾಹಕ್ಕಿ ಅಂಥ ದ್ವೀಪಗಳ ಪ್ರಜೆ. ದಕ್ಷಿಣ ಕರ್ನಾಟಕದ ಎತ್ತರದ ಬೆಟ್ಟಗಳಿಂದ ಹಿಡಿದು ತಿರುವನಂತಪುರದ ಮೇಲಿನ ಬೆಟ್ಟಗಳವರೆಗೆ ಅದರ ನೆಂಟರಿಷ್ಟರು ಚದುರಿದ್ದಾರೆ. ಜಗತ್ತಿನ ಬೇರೆಲ್ಲಿಯೂ ಇಲ್ಲ.

ಇದಕ್ಕೆ ಮೊದಲ ಶಾಸ್ತ್ರೀಯ ಹೆಸರು ಕೊಟ್ಟವರು ಥಾಮಸ್ ಜೆರ್ಡನ್, ಮದರಾಸು ಸರಕಾರದ ಸೇನಾ ವೈದ್ಯ. 1840ರ ದಶಕದಲ್ಲಿ ನೀಲಗಿರಿಯ ಹಕ್ಕಿಯನ್ನು ನೋಡಿ, ಹಿಮಾಲಯದಿಂದ ಚಳಿಗಾಲಕ್ಕೆ ಬರುವ ಕೆಂಬಾಲದ ಹಕ್ಕಿಗಳ ಕುಲಕ್ಕೆ ಸೇರಿಸಿದರು. ಕೆಂಪು ಹೊಟ್ಟೆ ನೋಡಿ ಹಾಗೆನಿಸಿರಬೇಕು. ಮುಂದೆ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಅವರ ದಾರಿ ಹಿಡಿದು, ಹಿಮಾಲಯದ ಒಂದು ನೀಲಿ ಹಕ್ಕಿಯ ಜೊತೆಗಿಟ್ಟರು. 1868ರಲ್ಲಿ ಡಬ್ಲ್ಯು. ಟಿ. ಬ್ಲಾನ್‌ಫರ್ಡ್ ಪಳನಿ ಬೆಟ್ಟದ ಬಿಳಿಹೊಟ್ಟೆಯ ಹಕ್ಕಿಗೆ ಬೇರೆ ಹೆಸರು ಕೊಟ್ಟು ಅದೇ ಕುಲದಲ್ಲಿಟ್ಟರು. ಆ ಕಾಲದಲ್ಲಿ ಪಳನಿಯಲ್ಲಿ ಹಕ್ಕಿ ಸಂಗ್ರಹಿಸುತ್ತಿದ್ದವರಲ್ಲಿ ಸ್ಯಾಮ್ಯುಯೆಲ್ ಫೇರ್‌ಬ್ಯಾಂಕ್ ಎಂಬ ಅಮೆರಿಕನ್ ಮಿಶನರಿ ಒಬ್ಬರು. ಅವರ ಕೆಲಸದ ಊರು ಮುಂಬಯಿ ಪ್ರಾಂತದ ಅಹಮದನಗರ. ಪಳನಿಯ ಒಂದು ನಗೆಮಲ್ಲ ಹಕ್ಕಿಗೆ ಬ್ಲಾನ್‌ಫರ್ಡ್ ಅವರದೇ ಹೆಸರಿಟ್ಟರು. ಮರಾಠಿ ನಾಡಿನ ಪಾದ್ರಿಯ ಹೆಸರು ತಮಿಳು ಬೆಟ್ಟದ ಹಕ್ಕಿಗೆ ಅಂಟಿದ್ದು ಹೀಗೆ.

ಇಲ್ಲೊಂದು ಮಾತು ಗಮನಿಸಬೇಕು. ಆ ಶತಮಾನದಲ್ಲಿ ಯಾವ ಹಕ್ಕಿಯ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬುದು ಅದು ಯಾವ ಸರಕಾರದ ಸರಹದ್ದಿನಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಹಕ್ಕಿ ನೋಡುತ್ತಿದ್ದವರು ಕಲೆಕ್ಟರರು, ಅರಣ್ಯಾಧಿಕಾರಿಗಳು, ಸೇನೆಯ ವೈದ್ಯರು, ಕಸ್ಟಮ್ಸ್ ಸಾಹೇಬರು. ವರ್ಗವಾದ ಕಡೆಗೆ ದುರ್ಬೀನು ಹೋಗುತ್ತಿತ್ತು. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು: ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿಗೆ, ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದರಾಸಿಗೆ, ಕಲಬುರಗಿ, ಬೀದರ, ರಾಯಚೂರು ನಿಜಾಮನಿಗೆ, ಕೊಡಗು ಬ್ರಿಟಿಷರ ಕೈಕೆಳಗೆ ಬೇರೆಯಾಗಿ, ಮೈಸೂರು ಒಡೆಯರಿಗೆ. ಈ ಹಂಚಿಕೆಯ ಕತೆ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಇಲ್ಲಿಗೆ ಬಂದಾಗ ಅವರು ಬೇರೆ ರಾಜ್ಯಕ್ಕೆ ಬಂದವರಲ್ಲ, ತಮ್ಮದೇ ಪ್ರಾಂತದ ರಾಜಧಾನಿಗೆ ಬಂದವರು. ಆದರೆ ನಾಡಿನ ಹಾಗೆ ಅದರ ಹಕ್ಕಿಗಳ ದಾಖಲೆಯೂ ಐದು ಸರಕಾರಗಳ ಕಡತಗಳಲ್ಲಿ ಹರಿದು ಹಂಚಿತ್ತು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಆ ಚೂರುಗಳನ್ನು ಒಂದೆಡೆ ಕೂಡಿಸುವ ಜಾಗವೊಂದು ಹುಟ್ಟಿದ್ದು ಮುಂಬಯಿಯಲ್ಲಿ. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಆರಂಭಿಸಿದರು. ಎಂಟರಲ್ಲಿ ಇಬ್ಬರು ಭಾರತೀಯ ವೈದ್ಯರು. ಒಬ್ಬರು ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗ. ಇನ್ನೊಬ್ಬರು ಸಖಾರಾಮ ಅರ್ಜುನ, ಬಾಲ್ಯವಿವಾಹದ ವಿರುದ್ಧ ನ್ಯಾಯಾಲಯದಲ್ಲಿ ನಿಂತ ರುಖ್ಮಾಬಾಯಿಯ ಮಲತಂದೆ. ಮೊದಲ ಸಭೆಗಳು ನಡೆದದ್ದು ಭಾಯಖಳೆಯ ವಸ್ತುಸಂಗ್ರಹಾಲಯದಲ್ಲಿ, ಇಂದಿನ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ. ಮರುವರ್ಷ ಎಚ್. ಎಂ. ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ ಕೋಟೆಯ ಫೋರ್ಬ್ಸ್ ಸ್ಟ್ರೀಟಿನ ತನ್ನ ಅಂಗಡಿಯಲ್ಲಿಯೇ ಜಾಗ ಕೊಟ್ಟ. ಬಾಟಲಿಗಳ ಪಕ್ಕದಲ್ಲಿ ಹಾವು, ಚಿಟ್ಟೆ, ಹಕ್ಕಿಯ ಚರ್ಮ ಕೂಡಿಬೀಳತೊಡಗಿದವು. 1886ರಿಂದ ಸೊಸೈಟಿಯ ಪತ್ರಿಕೆ ಹೊರಟಿತು.

ಅದರ ಮೊದಲ ಸಂಪಾದಕರಲ್ಲಿ ಒಬ್ಬರು ಇ. ಎಚ್. ಐಟ್ಕನ್. ಇ.ಎಚ್.ಎ. ಎಂಬ ಮೂರಕ್ಷರದಲ್ಲಿ ಬರೆಯುತ್ತಿದ್ದ ಈ ಮನುಷ್ಯ ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ನೌಕರ. ಉತ್ತರ ಕನ್ನಡ ಮತ್ತು ಗೋವಾ ಗಡಿಯಲ್ಲಿ ಕೆಲಸ ಮಾಡಿದವರು. ಅಲ್ಲಿಯ ಕಲೆಕ್ಟರ್ ಜೆ. ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಈ ಐಟ್ಕನ್ ಮೂವರೂ ಸೇರಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಮುಂಬಯಿಯ ಪತ್ರಿಕೆಗೆ ಬರೆದರು. ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳ ಬಗ್ಗೆಯೂ ಬರೆದರು. ಬೆಲ್ ನಿವೃತ್ತಿಯ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಅಲ್ಲಿಯೇ ತೀರಿಕೊಂಡರು. ವಿಲಿಯಂ ಕಾರವಾರದಿಂದ ಇಲ್ಲಿಗೆ ಬಂದದ್ದು ಆಕಸ್ಮಿಕವಲ್ಲ. ಆ ದಾರಿ ಆಗಲೇ ಸವೆದಿತ್ತು.

ಆದರೆ ಶೋಲಾಹಕ್ಕಿ ಈ ದಾರಿಗೆ ಸಿಕ್ಕಲಿಲ್ಲ. ಉತ್ತರ ಕನ್ನಡದ ಘಟ್ಟ ಅದಕ್ಕೆ ಬೇಕಾದಷ್ಟು ಎತ್ತರವಿಲ್ಲ. ಹಾಗಾಗಿ ಮುಂಬಯಿ ಪ್ರಾಂತದ ಕನ್ನಡ ಕಾಡು ಚೆನ್ನಾಗಿ ದಾಖಲಾದರೂ, ಎತ್ತರದ ಬೆಟ್ಟಗಳಿದ್ದ ಮೈಸೂರು, ಕೊಡಗುಗಳ ಹಕ್ಕಿಗಳು ಬಹುಕಾಲ ಅಲ್ಲೊಂದು ಇಲ್ಲೊಂದು ಟಿಪ್ಪಣಿಯಾಗಿಯೇ ಉಳಿದವು. ಆ ಟಿಪ್ಪಣಿಗಳೂ ಬಂದು ಸೇರುತ್ತಿದ್ದುದು ಮುಂಬಯಿಗೇ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಎಸ್ಟೇಟಿನ ಕಾಫಿ ಬೆಳೆಗಾರ ಆರ್. ಸಿ. ಮಾರಿಸ್ ಅಲ್ಲಿಂದಲೇ ಸೊಸೈಟಿಯ ಪತ್ರಿಕೆಗೆ ಕಾಡಿನ ಸಂಗತಿ ಬರೆದು ಕಳಿಸುತ್ತಿದ್ದರು.

ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಊರೂರು ಸುತ್ತಿ ದಾಖಲಿಸಿದವರು ಇಲ್ಲಿಯ ಖೇತವಾಡಿಯಲ್ಲಿ ಬೆಳೆದ ಒಬ್ಬ ಹುಡುಗ. 1908ರ ಸುಮಾರಿಗೆ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದು, ಅದರ ಕತ್ತಿನಲ್ಲಿ ಹಳದಿ ಗುರುತು ಕಂಡು, ಇದೇನೆಂದು ಕೇಳಲು ಸೊಸೈಟಿಯ ಕಚೇರಿಗೆ ಹೋದ. ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅದರ ಹೆಸರು ಹೇಳಿದ್ದಲ್ಲದೆ, ಒಳಗೆ ಕರೆದುಕೊಂಡು ಹೋಗಿ ಸೊಸೈಟಿಯ ಹಕ್ಕಿ ಸಂಗ್ರಹವನ್ನು ತೋರಿಸಿದರು. ಹುಡುಗನ ಹೆಸರು ಸಲೀಂ ಅಲಿ. ಕಾರವಾರದ ವಿಲಿಯಂ ಆಗ ಇನ್ನೂ ಆ ಕಚೇರಿಯಲ್ಲೇ ಇದ್ದ.

ಮುಂದೆ ಸಲೀಂ ಅಲಿ ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಕಲಿತು ಬಂದರು. ಇಲ್ಲಿ ಕೆಲಸ ಸಿಗಲಿಲ್ಲ. ಆಗ ಒಂದು ಉಪಾಯ ಹೂಡಿದರು: ಸಂಸ್ಥಾನಗಳು ಓಡಾಟದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಅಲ್ಲಿಯ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿಕೊಡುತ್ತೇನೆ. 1931-32ರಲ್ಲಿ ಹೈದರಾಬಾದು, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, 1939-40ರಲ್ಲಿ ಮೈಸೂರು. ಮೈಸೂರಿನ ವರದಿ 1942-43ರಲ್ಲಿ ಕಂತು ಕಂತಾಗಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಐದು ಸರಕಾರಗಳ ಗಡಿಯಲ್ಲಿ ಒಡೆದುಹೋಗಿದ್ದ ದಕ್ಷಿಣದ ಹಕ್ಕಿಗಳ ಲೆಕ್ಕ ಹೀಗೆ ಒಂದೇ ಪತ್ರಿಕೆಯ ಪುಟಗಳಲ್ಲಿ, ಒಂದೇ ಕಟ್ಟಡದ ಕಪಾಟುಗಳಲ್ಲಿ ಕೂಡಿಬಂತು. ಕನ್ನಡ ಮಾತಾಡುವ ನೆಲ 1956ರಲ್ಲಿ ಒಂದಾಯಿತು. ಅದರ ಹಕ್ಕಿಗಳ ಲೆಕ್ಕ ಮುಂಬಯಿಯಲ್ಲಿ ಅದಕ್ಕೂ ಮೊದಲೇ ಒಂದಾಗತೊಡಗಿತ್ತು.

ಆ ಕಪಾಟುಗಳೆಂದರೇನು? ಹಕ್ಕಿಯನ್ನು ಹೊಡೆದು, ಒಳಗಿನದೆಲ್ಲ ತೆಗೆದು, ಚರ್ಮಕ್ಕೆ ಆರ್ಸೆನಿಕ್ ಹಚ್ಚಿ, ಹತ್ತಿ ತುಂಬಿ, ರೆಕ್ಕೆ ಮಡಿಸಿ ಒಣಗಿಸುತ್ತಿದ್ದರು. ಕಾಲಿಗೆ ಒಂದು ಚೀಟಿ: ಎಲ್ಲಿ, ಯಾವತ್ತು, ಗಂಡೋ ಹೆಣ್ಣೋ, ಸಂಗ್ರಹಿಸಿದ್ದು ಯಾರು. ನೋಡಲು ಕ್ರೂರವೇ. ಆದರೆ ಆ ಚೀಟಿಯಿಂದಾಗಿ 1939ರ ಒಂದು ಬೆಳಿಗ್ಗೆ ಆ ಬೆಟ್ಟದಲ್ಲಿ ಆ ಹಕ್ಕಿ ಇತ್ತು ಎಂಬುದನ್ನು ಇವತ್ತು ಯಾರೂ ಅಲ್ಲಗಳೆಯಲಾಗದು. ಹುಮಾಯೂನ್ ಅಬ್ದುಲಾಲಿ ಎಂಬ ಇನ್ನೊಬ್ಬ ಮುಂಬಯಿಕರ್, ವೃತ್ತಿಯಿಂದ ವ್ಯಾಪಾರಿ, 1968ರಿಂದ ಮುಂದಿನ ಮೂರು ದಶಕಗಳ ಕಾಲ ಈ ಸಂಗ್ರಹದ ಹಕ್ಕಿಗಳ ಪಟ್ಟಿಯನ್ನು ಒಂದೊಂದಾಗಿ ಅಳೆದು, ತೂಗಿ, ಪತ್ರಿಕೆಯಲ್ಲಿ ಪ್ರಕಟಿಸಿದರು. ಬಹುಮಂದಿಗೆ ಅವರ ಹೆಸರು ಗೊತ್ತಿಲ್ಲ. ಸಾವಿರಾರು ಒಣಚರ್ಮಗಳ ಮೇಲಿನ ಧೂಳು ಒರೆಸಿ ಲೆಕ್ಕ ಬರೆಯುವ ಕೆಲಸಕ್ಕೆ ಕೀರ್ತಿ ಬರುವುದು ಕಷ್ಟ.

ಚೀಟಿಯಲ್ಲಿ ಇರದ ಸಂಗತಿಗಳೂ ಇವೆ. ದಾರಿ ತೋರಿಸಿದವನ, ಯಾವ ಹೊತ್ತಿಗೆ ಎಲ್ಲಿ ಕೂತರೆ ಹಕ್ಕಿ ಸಿಗುತ್ತದೆಂದು ಹೇಳಿದವನ ಹೆಸರು ಸಾಮಾನ್ಯವಾಗಿ ಚೀಟಿಗೆ ಏರುತ್ತಿರಲಿಲ್ಲ. ಬೆಟ್ಟದ ಸೋಲಿಗರು, ಕುರುಬರು, ತೋಟದ ಆಳುಗಳು ಆ ಹಕ್ಕಿಯನ್ನು ಏನೆಂದು ಕರೆಯುತ್ತ ಬಂದರು ಎಂಬುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಸಲೀಂ ಅಲಿ ಮತ್ತು ಅಮೆರಿಕದ ಡಿಲನ್ ರಿಪ್ಲಿ 1968ರಿಂದ 1974ರವರೆಗೆ ಹೊರತಂದ 10 ಸಂಪುಟಗಳ ಕೈಪಿಡಿ ಇಡೀ ಉಪಖಂಡದ ಹಕ್ಕಿಗಳಿಗೆ ಒಂದು ಜಮಾಖರ್ಚು. ಅದರಲ್ಲಿ ನಮ್ಮ ಶೋಲಾಹಕ್ಕಿ ಬ್ರಾಕಿಪ್ಟೆರಿಕ್ಸ್ ಎಂಬ ಕುಲದಲ್ಲಿತ್ತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಗಿಡ್ಡರೆಕ್ಕೆ. ನೀಲಗಿರಿಯ ಕೆಂಪು ಪಕ್ಕೆಯದೂ ಪಳನಿಯ ಬಿಳಿಹೊಟ್ಟೆಯದೂ ಒಂದೇ ಪ್ರಭೇದದ ಎರಡು ಒಳಬಗೆ ಎಂದು ಆಗ ತೀರ್ಮಾನವಾಗಿತ್ತು. ಬಣ್ಣ ಬೇರೆ, ಮನೆ ಒಂದೇ. ಆ ಕಾಲಕ್ಕೆ ಸಿಕ್ಕ ಸಾಕ್ಷ್ಯದಲ್ಲಿ ಅದು ಸರಿಯಾದ ಮಾತೇ ಆಗಿತ್ತು.

2005ರಲ್ಲಿ ಪಮೇಲಾ ರಾಸ್ಮುಸ್ಸೆನ್ ಮತ್ತು ಜಾನ್ ಆಂಡರ್ಟನ್ ತಮ್ಮ ದಕ್ಷಿಣ ಏಷ್ಯಾದ ಹಕ್ಕಿಗಳ ಪುಸ್ತಕದಲ್ಲಿ ಈ ಎರಡನ್ನೂ ಮತ್ತೆ ಬೇರೆ ಮಾಡಿದರು, ಕುಲವನ್ನೂ ಬದಲಿಸಿದರು. ಆಮೇಲಿನ ಸರದಿ ಬೆಂಗಳೂರಿನದು. ಅಲ್ಲಿಯ ನ್ಯಾಷನಲ್ ಸೆಂಟರ್ ಫಾರ್ ಬಯಾಲಾಜಿಕಲ್ ಸೈನ್ಸಸ್‌ನಲ್ಲಿ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಬಲೆ ಕಟ್ಟಿ, ಹಕ್ಕಿ ಹಿಡಿದು, ಅಳತೆ ತೆಗೆದು, ಒಂದು ಹನಿ ರಕ್ತ ಪಡೆದು ಮತ್ತೆ ಹಾರಲು ಬಿಟ್ಟರು. ಬಂದೂಕಿನ ಕಾಲ ಮುಗಿದಿತ್ತು. 2010ರಲ್ಲಿ ಒಂದು, 2017ರಲ್ಲಿ ಇನ್ನೊಂದು ದೊಡ್ಡ ಪ್ರಬಂಧ ಬಂತು. ಅದರ ಸಾರಾಂಶ ಇಷ್ಟು: ಈ ಹಕ್ಕಿ ಕೆಂಬಾಲವೂ ಅಲ್ಲ, ಗಿಡ್ಡರೆಕ್ಕೆಯ ಕುಲದ್ದೂ ಅಲ್ಲ. ನೊಣಹಿಡುಕಗಳ ದೊಡ್ಡ ಕುಟುಂಬದಲ್ಲಿ ಇದರದು ಬೇರೆಯದೇ ಒಂದು ಹಳೆಯ ಕವಲು, ಪಶ್ಚಿಮ ಘಟ್ಟದ ತುದಿಗಳಲ್ಲಿ ಮಾತ್ರ ಉಳಿದದ್ದು. ಅದಕ್ಕೊಂದು ಹೊಸ ಕುಲದ ಹೆಸರು ಕೊಟ್ಟರು: ಷೋಲಿಕೋಲಾ, ಶೋಲಾದಲ್ಲಿ ವಾಸಿಸುವುದು ಎಂದರ್ಥ. ಒಂದು ಅಥವಾ ಎರಡು ಎಂದುಕೊಂಡಿದ್ದದ್ದು ಮೂರು ಪ್ರಭೇದವಾಯಿತು. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು, ಅದೇ ನೀಲಗಿರಿ ಮತ್ತು ಕರ್ನಾಟಕದ ಹಕ್ಕಿ. ಪಾಲಕ್ಕಾಡ್ ಮತ್ತು ಶೆಂಕೋಟೆ ಕಣಿವೆಗಳ ನಡುವೆ ಇನ್ನೊಂದು. ಶೆಂಕೋಟೆಯ ದಕ್ಷಿಣದ ಅಶಂಬು ಬೆಟ್ಟಗಳಲ್ಲಿ ಮೂರನೆಯದು, ಆವರೆಗೆ ಯಾರೂ ಬೇರೆಯೆಂದು ಗುರುತಿಸದೆ ಇದ್ದದ್ದು. ಬ್ಲಾನ್‌ಫರ್ಡ್ ಫೇರ್‌ಬ್ಯಾಂಕರ ಹೆಸರಿಟ್ಟ ನಗೆಮಲ್ಲಗಳದೂ ಇದೇ ಕತೆ. ಅವಕ್ಕೂ ಅದೇ ಪ್ರಬಂಧದಲ್ಲಿ ಹೊಸ ಕುಲ ಸಿಕ್ಕಿತು. ಅವೂ ಕಣಿವೆಯಿಂದ ಕಣಿವೆಗೆ ಬೇರೆ.

ಪಾಲಕ್ಕಾಡ್ ಕಣಿವೆಯ ಅಗಲ ಎಷ್ಟೆಂದು ತಿಳಿದರೆ ಆಶ್ಚರ್ಯವಾಗುತ್ತದೆ. ಸುಮಾರು 30 ಕಿಲೋಮೀಟರ್. ಚರ್ಚ್‌ಗೇಟಿನಿಂದ ಬೊರಿವಲಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ನಮಗದು ಫಾಸ್ಟ್ ಲೋಕಲ್ಲಿನಲ್ಲಿ ಒಂದು ತಾಸಿನ ಹಾದಿ, ದಿನಕ್ಕೆರಡು ಸಲ. ರೆಕ್ಕೆಯಿರುವ ಈ ಜೀವ ಲಕ್ಷಾಂತರ ವರ್ಷಗಳಿಂದ ಆ ಹಾದಿಯನ್ನು ದಾಟಿಲ್ಲ. ದಾಟದೆ ಇದ್ದುದರಿಂದಲೇ ಈಚೆಯದು ಬೇರೆ, ಆಚೆಯದು ಬೇರೆ ಆಯಿತು. ದಾಟಲು ಬೇಕಾದದ್ದು ರೆಕ್ಕೆಯ ಬಲ ಮಾತ್ರವಲ್ಲ. ನಡುವಿನ ಬಿಸಿ ಬಯಲಿನಲ್ಲಿ ಒದ್ದೆ ತರಗೆಲೆ ಇಲ್ಲ, ಮಬ್ಬು ನೆರಳಿಲ್ಲ, ತಿನ್ನುವ ಹುಳವಿಲ್ಲ. ಶೋಲಾಹಕ್ಕಿಗೆ ಅದು ಅರಬ್ಬೀ ಸಮುದ್ರವಿದ್ದಂತೆ. ಮನುಷ್ಯರು ಎಳೆದ ಪ್ರಾಂತದ ಗೆರೆಗಳು, ಪಂಡಿತರು ಎಳೆದ ಕುಲದ ಗೆರೆಗಳು ಎಷ್ಟೋ ಸಲ ಅಳಿಸಿಹೋದವು. ಅದರ ಪಾಲಿಗೆ ನಿಜವಾಗಿದ್ದ ಗೆರೆ ಎತ್ತರದ್ದೊಂದೇ.

ಇದಕ್ಕೆ ತದ್ವಿರುದ್ಧವಾದ ನೆಂಟರನ್ನು ನೋಡಬೇಕಿದ್ದರೆ ಚಳಿಗಾಲದಲ್ಲಿ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ವರ್ಡಿಟರ್ ನೊಣಹಿಡುಕ ಎಂಬ ತಿಳಿ ನೀಲಿ ಹಸಿರಿನ ಹಕ್ಕಿ ಹಿಮಾಲಯದಿಂದ ಇಳಿದು ಅಲ್ಲಿಗೆ ಬರುತ್ತದೆ. ನಮ್ಮ ಶೋಲಾಹಕ್ಕಿ ಇರುವ ನೊಣಹಿಡುಕಗಳ ಕವಲಿನದೇ ಅದೂ. ಅದರ ಹತ್ತಿರದ ಸೋದರ, ನೀಲಗಿರಿ ನೊಣಹಿಡುಕ, ಮತ್ತೆ ಘಟ್ಟದ ಎತ್ತರದಲ್ಲಿಯೇ ಕಾಲೂರಿದೆ. ಒಂದೇ ಮನೆತನದಲ್ಲಿ ಒಬ್ಬ ವರ್ಷಕ್ಕೆರಡು ಸಲ ದೇಶ ಸುತ್ತುತ್ತಾನೆ, ಇನ್ನೊಬ್ಬ ಹೊಸಿಲು ದಾಟುವುದಿಲ್ಲ. ಊರು ಬಿಟ್ಟು ಬಂದ ನಾವು ವಲಸೆಯ ಹಕ್ಕಿಗಳ ಮೇಲೆ ಸಾಕಷ್ಟು ಕವಿತೆ ಬರೆದಿದ್ದೇವೆ. ಅವು ನಮ್ಮ ಹಾಗೆ ಎನಿಸುತ್ತದೆ. ಆದರೆ ವಲಸೆ ಹೋಗಬಲ್ಲ ಜೀವಕ್ಕೆ ಒಂದು ಅನುಕೂಲ ಯಾವಾಗಲೂ ಇರುತ್ತದೆ: ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ನೋಡಬಹುದು. ಊರಲ್ಲೇ ಉಳಿದವರಿಗೆ ಆ ಅನುಕೂಲವಿಲ್ಲ.

ಶೋಲಾಹಕ್ಕಿಯ ಕಷ್ಟ ಇರುವುದು ಅಲ್ಲಿಯೇ. ಬ್ರಿಟಿಷರು ಬೆಟ್ಟದ ಮೇಲಿನ ಹುಲ್ಲುಗಾವಲನ್ನು ನೋಡಿ ಅದು ಬಂಜರು ಎಂದುಕೊಂಡರು. ನೀಲಗಿರಿಗೆ ಆಸ್ಟ್ರೇಲಿಯದಿಂದ ನೀಲಗಿರಿ ಮರವನ್ನೂ ವಾಟಲ್ ಎಂಬ ಜಾಲಿಯ ಜಾತಿಯನ್ನೂ ತಂದರು. ಹೆಸರು ನೋಡಿ, ನಾವು ನೀಲಗಿರಿ ಎನ್ನುವ ಮರ ನೀಲಗಿರಿಯದೇ ಅಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅರಣ್ಯ ಇಲಾಖೆಗಳು ಆ ನೆಡುವಿಕೆಯನ್ನು ಮುಂದುವರಿಸಿದವು. ಚಹಾ, ಕಾಫಿ ತೋಟಗಳು ಕಣಿವೆಗಳಿಗೆ ಇಳಿದವು. ನಮ್ಮ ಕಡೆ ಕುದುರೆಮುಖದ ಶೋಲಾ ಹುಲ್ಲುಗಾವಲಿನ ನಡುವೆ 1976ರಲ್ಲಿ ಹುಟ್ಟಿದ ಸರಕಾರಿ ಕಂಪನಿ ಕಬ್ಬಿಣದ ಅದಿರು ತೆಗೆದು, ಕೆಸರು ಮಾಡಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ದೀರ್ಘ ಹೋರಾಟದ ಮೇಲೆ ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಅದು ನಿಂತಿತು. ಅಲ್ಲಿ ಕೆಲಸ ಮಾಡಿದ ಕುಟುಂಬಗಳು ಚದುರಿಹೋದವು, ಕೆಲವರು ಮುಂಬಯಿಗೂ ಬಂದಿರಬಹುದು. ಮನುಷ್ಯರಿಗೆ ಹೊರಡಲು ಒಂದು ದಾರಿಯಿರುತ್ತದೆ. ಬೆಟ್ಟದ ತಲೆಯ ಮೇಲೆ ಬದುಕುವ ಹಕ್ಕಿಗೆ ಕಾಡು ಹೋದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಬಿಸಿಲು ಏರಿದರೆ ಇನ್ನೂ ಮೇಲಕ್ಕೆ ಹೋಗೋಣವೆಂದರೆ ಬೆಟ್ಟ ಅಲ್ಲಿಗೆ ಮುಗಿಯುತ್ತದೆ.

ಆದ್ದರಿಂದಲೇ ಒಂದು ಪ್ರಭೇದ ಮೂರಾದದ್ದು ಕೇವಲ ಪಂಡಿತರ ಲೆಕ್ಕಾಚಾರವಲ್ಲ. ಒಂದೇ ಎಂದುಕೊಂಡಿದ್ದಾಗ, ನೀಲಗಿರಿಯಲ್ಲಿ ಕಡಿಮೆಯಾದರೇನು, ಕೇರಳದ ದಕ್ಷಿಣದಲ್ಲಿ ಇದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಈಗ ಹೇಳುವಂತಿಲ್ಲ. ಕೊಡಗಿನ ಒಂದು ಬೆಟ್ಟದ ಹಕ್ಕಿ ಹೋದರೆ ಮುನ್ನಾರಿನದು ಬಂದು ಅದರ ಜಾಗ ತುಂಬುವುದಿಲ್ಲ. ಅದು ಬೇರೆ ಹಕ್ಕಿ. ದಾಟಲಾರದ ಕಣಿವೆ ನಡುವೆ ಇದೆ.

ಮುಂಬಯಿ ಈ ಕತೆಯಲ್ಲಿ ಮಾಡಿದ್ದು ಏನು ಎಂದು ಕೇಳಿದರೆ, ಲೆಕ್ಕ ಇಟ್ಟಿತು ಎನ್ನಬೇಕು. ಊರಿನ ಲೆಕ್ಕ ಪರವೂರಿನಲ್ಲಿ ಇಡುವುದು ನಮಗೆ ಪರಿಚಿತವಾದ ಕೆಲಸವೇ. ಮಾಟುಂಗದ, ಮಾಹಿಮ್‌ನ ನಮ್ಮ ಸಂಘಗಳ ಕಪಾಟುಗಳಲ್ಲಿ ಕನ್ನಡದ ಹಳೆಯ ಪುಸ್ತಕ, ಪತ್ರಿಕೆ, ನಾಟಕದ ಹಸ್ತಪ್ರತಿಗಳನ್ನು ಜೋಪಾನ ಮಾಡಿದವರು ಹಗಲು ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ದುಡಿದವರು. ಹುಮಾಯೂನ್ ಅಬ್ದುಲಾಲಿಯವರದೂ ಅಂಥದೇ ನಿಷ್ಠೆ. ಆದರೆ ಜೋಪಾನಕ್ಕೂ ಒಂದು ಮಿತಿಯಿದೆ. ಮಾತನಾಡುವವರಿಲ್ಲದ ಭಾಷೆಯನ್ನು ಕಪಾಟು ಉಳಿಸಲಾರದು. ಹಾಗೆಯೇ, ಹತ್ತಿ ತುಂಬಿದ ಚರ್ಮ ಹಾಡಲಾರದು.

ಹೆಸರಿನ ಬಗ್ಗೆ ಒಂದು ಮಾತು ಉಳಿಯಿತು. ಈಗ ಜಗತ್ತಿನ ಹಕ್ಕಿ ಪಟ್ಟಿಗಳಲ್ಲಿ ಈ ಮೂರಕ್ಕೂ ಶೋಲಾಕಿಳಿ ಎಂಬ ಹೆಸರಿದೆ. ಶೋಲಾ ತಮಿಳಿನ ಸೋಲೈಯಿಂದ ಬಂದದ್ದು. ಕಿಳಿ ಮಲಯಾಳದಲ್ಲಿ ಹಕ್ಕಿ. ನಮ್ಮ ಗಿಳಿಯ ಒಡಹುಟ್ಟು ಅದು, ಆದರೆ ಕನ್ನಡದಲ್ಲೂ ತಮಿಳಿನಲ್ಲೂ ಅರ್ಥ ಹಸಿರು ಗಿಳಿಗೆ ಸೀಮಿತವಾಯಿತು. ಇಂಗ್ಲಿಷ್ ಪಟ್ಟಿಯೊಂದರಲ್ಲಿ ಬೆಟ್ಟದವರ ಮಾತಿನ ಹೆಸರು ನಿಂತದ್ದು ಸಂತೋಷದ ವಿಷಯ. ಇದೇ ಹಕ್ಕಿ ಕರ್ನಾಟಕದ ಬೆಟ್ಟಗಳಲ್ಲೂ ಇದೆ. ನಮ್ಮಲ್ಲಿ ಹಕ್ಕಿಗಳ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಪುಕ್ಕ ಓದಿ ದುರ್ಬೀನು ಕೊಂಡವರು ಈ ಪತ್ರಿಕೆಯ ಓದುಗರಲ್ಲೇ ಎಷ್ಟೋ ಮಂದಿ ಇದ್ದಾರು.

ಮೇ ತಿಂಗಳ ರಜೆಗೆ ಕೊಡಗಿನ ಕಡೆ ಹೋಗುವವರಿಗೆ ಒಂದು ಕೋರಿಕೆ. ಅದು ಶೋಲಾಹಕ್ಕಿ ಗೂಡು ಕಟ್ಟುವ, ಹಾಡುವ ಕಾಲ. ಬೆಳಗಾಗುವ ಹೊತ್ತಿಗೆ ಬೆಟ್ಟದ ಮೇಲಿನ ಶೋಲಾದ ಅಂಚಿನಲ್ಲಿ ಸದ್ದು ಮಾಡದೆ ಅರ್ಧ ಗಂಟೆ ನಿಲ್ಲಿ. ಕೇಳಿದ್ದನ್ನು, ಕಂಡದ್ದನ್ನು ಊರು, ತಾರೀಖು ಸಮೇತ ಬರೆದಿಡಿ. ಜೊತೆಗೆ ಬಂದ ಹಿರಿಯರೊಬ್ಬರನ್ನು ಅದರ ಹೆಸರು ಕೇಳಿ, ಅವರು ಹೇಳಿದ್ದನ್ನು ಅವರ ಹೆಸರಿನೊಂದಿಗೆ ಬರೆದುಕೊಳ್ಳಿ. ಹಳೆಯ ಚೀಟಿಗಳಲ್ಲಿ ಖಾಲಿ ಉಳಿದದ್ದು ಆ ಎರಡು ಸಾಲು.